ಪದವಿನ ನೇರಳೆ ಹೂವು ಚಿತ್ರದಲ್ಲಿ ಏಕೆ ಮಾಯವಾಗುತ್ತದೆ?

ತುಳುವರ ಆಟಿ ತಿಂಗಳು ಕಳೆದು ಸೋಣ ಹಿಡಿಯುವ ಹೊತ್ತಿಗೆ ಉಡುಪಿ, ಮಂಗಳೂರು ಸುತ್ತಲಿನ ಪದವುಗಳಲ್ಲಿ, ಅಂದರೆ ಎತ್ತರದ ಕಲ್ಲುಬಯಲುಗಳಲ್ಲಿ, ಹೂವಿನ ಕಾಲ ಶುರುವಾಗುತ್ತದೆ. ಬೇಸಿಗೆಯಲ್ಲಿ ಬರಿಗಾಲು ಇಡಲಾಗದಂತೆ ಕಾದಿದ್ದ ಮುರಕಲ್ಲಿನ ಬಯಲು ಈಗ ನೀರು ಕುಡಿದು, ಪಾಚಿ ಹಿಡಿದು, ಸಂದುಗೊಂದುಗಳಲ್ಲೆಲ್ಲ ಹುಲ್ಲು ಹೊತ್ತಿರುತ್ತದೆ. ಆ ಹುಲ್ಲಿನ ನಡುವೆ ನೇರಳೆ ಬಣ್ಣದ ಪುಟ್ಟ ಹೂವುಗಳು, ಗುಂಡನೆಯ ಬಿಳಿ ಹೂಗೊಂಚಲುಗಳು, ಹುಣಿಯ ಬದಿಯಲ್ಲಿ ಗುಲಾಬಿ ಬಣ್ಣದ ಕಾಡು ಕರ್ಣಕುಂಡಲ, ದಾರಿಯಂಚಿನಲ್ಲಿ ತುಳುವರು ತಜಂಕ್ ಎನ್ನುವ ಗಿಡದ ಹಳದಿ ಹೂವು. ದಾರಿಹೋಕರು ಬೈಕು ನಿಲ್ಲಿಸಿ ಮೊಬೈಲ್ ತೆಗೆಯುತ್ತಾರೆ. ಮನೆಗೆ ಹೋಗಿ ನೋಡಿದರೆ ಚಿತ್ರದ ಮೇಲರ್ಧ ಬೆಳ್ಳಗಿನ ಆಕಾಶ, ಕೆಳಗರ್ಧ ಕಂದು ಮತ್ತು ಹಸಿರು, ಅಲ್ಲಲ್ಲಿ ಚುಕ್ಕೆ. ಬಯಲು ತುಂಬ ಹಾಸಿದ್ದ ನೇರಳೆ ಎಲ್ಲಿ ಹೋಯಿತು?

ಕ್ಯಾಮೆರಾ ಚೆನ್ನಾಗಿಲ್ಲ ಎಂದು ಹೇಳಿ ಮುಗಿಸುವುದು ಸುಲಭ. ನಿಜವಾದ ಕಾರಣ ಬೇರೆ. ಕಣ್ಣು ತನಗೆ ಬೇಕಾದುದನ್ನು ಆರಿಸಿಕೊಂಡು ನೋಡುತ್ತದೆ. ಹೂವಿನಿಂದ ಹೂವಿಗೆ ಹಾರುತ್ತ ನಡುವಿನ ಕಲ್ಲು, ಒಣ ಕಡ್ಡಿ, ಖಾಲಿ ನೆಲವನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾಕ್ಕೆ ಆ ಪಕ್ಷಪಾತ ಇಲ್ಲ. ಚೌಕಟ್ಟಿನಲ್ಲಿ ಕಲ್ಲು ಮುಕ್ಕಾಲು ಪಾಲು ಇದ್ದರೆ ಚಿತ್ರದಲ್ಲಿಯೂ ಮುಕ್ಕಾಲು ಪಾಲೇ ಇರುತ್ತದೆ. ಹೂವಿನ ಬಯಲಿನ ಚಿತ್ರಕ್ಕೆ ಸಂಬಂಧಿಸಿ ಜನ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಕಲಿಯುತ್ತಾರೆ: ಚೌಕಟ್ಟಿನಲ್ಲಿ ಯಾವುದನ್ನು ಎಲ್ಲಿಡಬೇಕು ಎಂಬುದು ಒಂದು, ಬಣ್ಣವನ್ನು ಹೇಗೆ ಸರಿದೂಗಿಸಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಬಯಲಿನಲ್ಲಿ, ಎರಡನೆಯದನ್ನು ಕಂಪ್ಯೂಟರಿನ ಮುಂದೆ ಮಾಡುವುದು ರೂಢಿ. ಹೂವಿನ ವಿಷಯದಲ್ಲಿ ಈ ಎರಡೂ ಒಂದೇ ಕೆಲಸ, ಎರಡೂ ಬಯಲಿನಲ್ಲೇ ಮುಗಿಯಬೇಕಾದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ನೀವು ಎಲ್ಲಿ ನಿಲ್ಲುತ್ತೀರಿ, ಎಷ್ಟು ಬಾಗುತ್ತೀರಿ ಎಂಬುದರಿಂದಲೇ ಯಾವ ಬಣ್ಣಕ್ಕೆ ಎಷ್ಟು ಪಾಲು ಎಂಬುದು ನಿರ್ಧಾರವಾಗುತ್ತದೆ.

ಬಾಗಿದಷ್ಟೂ ಹೂವು ಹೆಚ್ಚು

ಒಂದು ಸರಳ ಲೆಕ್ಕ ಹಾಕೋಣ. ಪದವಿನ ನೇರಳೆ ಹೂವಿನ ದಂಟು ಸುಮಾರು 15 ಸೆಂಟಿಮೀಟರ್ ಎತ್ತರ ಇದೆ ಎಂದಿಟ್ಟುಕೊಳ್ಳಿ. ನೀವು ನೆಟ್ಟಗೆ ನಿಂತು, ನೆಲದಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಕ್ಯಾಮೆರಾ ಹಿಡಿದಿದ್ದೀರಿ. ಒಂದು ಮೀಟರ್ ದೂರದ ಹೂವು ತನ್ನ ಹಿಂದಿನ ನೆಲವನ್ನು ಎಷ್ಟು ಮರೆಮಾಡುತ್ತದೆ? ಬರೀ 11 ಸೆಂಟಿಮೀಟರ್. ಅದೇ ಕ್ಯಾಮೆರಾವನ್ನು 30 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿದರೆ ಅದೇ ಹೂವು ಹಿಂದಿನ ಒಂದು ಮೀಟರ್ ನೆಲವನ್ನು ಮುಚ್ಚುತ್ತದೆ. ಒಂಬತ್ತು ಪಟ್ಟು ವ್ಯತ್ಯಾಸ. ಎರಡು ಹೂವುಗಳ ನಡುವೆ ಒಂದು ಗೇಣು ಕಲ್ಲು ಕಾಣುತ್ತಿದ್ದ ಜಾಗದಲ್ಲಿ ಈಗ ಹೂವಿನ ಹಿಂದೆ ಹೂವು, ಅದರ ಹಿಂದೆ ಮತ್ತೊಂದು ಹೂವು. ಗಿಡಗಳ ಸಂಖ್ಯೆ ಬದಲಾಗಿಲ್ಲ, ಬಣ್ಣದ ಪಾಲು ಬದಲಾಗಿದೆ. ಕಂಪ್ಯೂಟರಿನಲ್ಲಿ ನೇರಳೆಯನ್ನು ಎಷ್ಟು ಗಾಢಗೊಳಿಸಿದರೂ ಈ ಕೆಲಸ ಆಗುವುದಿಲ್ಲ, ಏಕೆಂದರೆ ಗಾಢಗೊಳಿಸಲು ಚಿತ್ರದಲ್ಲಿ ನೇರಳೆಯೇ ಸಾಕಷ್ಟು ಇರುವುದಿಲ್ಲ.

ಹಾಗೆಂದು ನೆಲಕ್ಕೆ ಒರಗಿ ಮಲಗಿಬಿಟ್ಟರೆ ಬೇರೆ ತೊಂದರೆ. ಹೂವು ದಿಗಂತಕ್ಕೆ ಅಡ್ಡವಾಗಿ ಆಕಾಶದೊಳಗೆ ಚಾಚಿಕೊಳ್ಳುತ್ತದೆ, ನಡುವಿನ ನೆಲ ಒಂದು ತೆಳು ಪಟ್ಟಿಯಾಗಿ ಕುಗ್ಗುತ್ತದೆ. ಪದವಿನ ಸೊಗಸೆಲ್ಲ ಆ ನಡುವಿನ ನೆಲದಲ್ಲಿದೆ: ನೀರು ನಿಂತ ತಗ್ಗುಗಳು, ಕಲ್ಲಿನ ಬಿರುಕುಗಳಲ್ಲಿ ಹರಿಯುವ ತೊರೆ, ದೂರದಲ್ಲಿ ಒಂಟಿ ಮರ. ಅದನ್ನು ಕಳೆದುಕೊಂಡರೆ ಉಳಿಯುವುದು ಹೂವು ಮತ್ತು ಆಕಾಶ ಮಾತ್ರ, ಆ ಚಿತ್ರವನ್ನು ಯಾವ ಊರಿನಲ್ಲಿ ಬೇಕಾದರೂ ತೆಗೆಯಬಹುದು. ಮೊಣಕಾಲಿನ ಎತ್ತರದಿಂದ ಆರಂಭಿಸಿ, ಅಂಗೈ ಅಗಲದಷ್ಟು ಮೇಲೆ ಕೆಳಗೆ ಮಾಡುತ್ತ ನೋಡುವುದು ಒಳ್ಳೆಯದು. ಪರದೆಯ ಮೇಲೆ ಕಲ್ಲು ಮುಚ್ಚಿ ನೀರು ಮುಚ್ಚದಿರುವ ಒಂದು ಎತ್ತರ ಸಿಗುತ್ತದೆ. ಅದು ಬಹಳ ಕಿರಿದಾದ ಅಂತರ, ತಾಳ್ಮೆಯಿಂದ ಹುಡುಕಬೇಕು.

ಇಲ್ಲೊಂದು ಮಾತು ಸೇರಿಸಲೇಬೇಕು. ಮುರಕಲ್ಲಿನ ಮೇಲಿನ ಮಣ್ಣು ಬೆರಳುದ್ದವೂ ಇರುವುದಿಲ್ಲ. ಅದರ ಮೇಲೆ ಮಂಡಿಯೂರಿದರೆ ಗಿಡದ ಜೊತೆ ಮಣ್ಣೂ ಕಿತ್ತು ಬರುತ್ತದೆ. ಮಂಡಿ ಊರುವುದಿದ್ದರೆ ಬರಿಯ ಕಲ್ಲಿನ ಮೇಲೆ ಊರಿ. ಅಂಥ ಜಾಗ ಸಿಗದಿದ್ದರೆ ಕಾಲುದಾರಿಯಲ್ಲೇ ನಿಂತು ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೆಲಕ್ಕೆ ಹತ್ತಿರವಾಗುತ್ತದೆ, ಬಾಗುವ ಶ್ರಮವೂ ಕಡಿಮೆ.

ಲೆನ್ಸಿನ ಆಯ್ಕೆಯೂ ಪಾಲಿನ ಪ್ರಶ್ನೆಯೇ. ಅಗಲ ಕೋನದ ಲೆನ್ಸಿನಲ್ಲಿ ಹತ್ತಿರದ ಹೂವು ದೊಡ್ಡದಾಗಿ, ದೂರದ ಘಟ್ಟ ಸಣ್ಣದಾಗಿ ಬರುತ್ತದೆ. ಮಳೆ ಬಿಟ್ಟು ಗಾಳಿ ತೊಳೆದಂತಾದ ದಿನ ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ, ಅದರಾಚೆ ಪೂರ್ವದಲ್ಲಿ ಘಟ್ಟದ ನೀಲಿ ಸಾಲು ಕಾಣುತ್ತದೆ. ಕಣ್ಣಿಗೆ ಅಷ್ಟು ಭವ್ಯವಾಗಿ ಕಂಡ ಸಾಲು ಮೊಬೈಲಿನ ಅಗಲ ಲೆನ್ಸಿನಲ್ಲಿ ಉಗುರಿನಷ್ಟಾಗುತ್ತದೆ. ಘಟ್ಟವೂ ಬೇಕು, ಹೂವೂ ಬೇಕು ಎಂದಾದರೆ ಹೂವಿನಿಂದ ಹತ್ತು ಹದಿನೈದು ಹೆಜ್ಜೆ ಹಿಂದೆ ಸರಿದು ಉದ್ದ ಲೆನ್ಸ್ ಬಳಸಬೇಕು. ಆಗ ನೆಲದ ಹೂವುಗಳು ಒಂದರ ಮೇಲೊಂದು ಒತ್ತಿಕೊಂಡು ದಟ್ಟವಾಗುತ್ತವೆ, ಘಟ್ಟವೂ ಅವುಗಳ ಹಿಂದೆ ಎದ್ದು ನಿಲ್ಲುತ್ತದೆ.

ಯಾವ ಬಣ್ಣಕ್ಕೆ ಎಷ್ಟು ಜಾಗ

ಪಾಲು ಎಷ್ಟಿರಬೇಕು ಎಂಬುದಕ್ಕೆ ಹಳೆಯ ಒಂದು ಲೆಕ್ಕ ಇದೆ. ಜರ್ಮನಿಯ ಕವಿ ಗಯಟೆ ಬಣ್ಣಗಳ ಬಗ್ಗೆಯೂ ಆಳವಾಗಿ ಯೋಚಿಸಿದವನು. ಪ್ರತಿಯೊಂದು ಬಣ್ಣಕ್ಕೂ ಅದರ ಹೊಳಪಿಗೆ ತಕ್ಕ ಒಂದು ಬೆಲೆ ಇದೆ ಎಂಬ ಕಲ್ಪನೆಯನ್ನು ಅವನ ಹೆಸರಿನಲ್ಲಿ ಬಳಕೆಗೆ ತಂದವನು ಸ್ವಿಟ್ಜರ್ಲೆಂಡಿನ ಕಲಾ ಶಿಕ್ಷಕ ಯೋಹಾನೆಸ್ ಇಟೆನ್: ಹಳದಿಗೆ 9, ಕಿತ್ತಳೆಗೆ 8, ಕೆಂಪಿಗೆ ಮತ್ತು ಹಸಿರಿಗೆ 6, ನೀಲಿಗೆ 4, ನೇರಳೆಗೆ 3. ಹೊಳಪು ಹೆಚ್ಚಿದ್ದ ಬಣ್ಣಕ್ಕೆ ಜಾಗ ಕಡಿಮೆ ಸಾಕು. ಹಳದಿಯ ಎದುರು ನೇರಳೆ ಸಮವಾಗಿ ತೂಗಬೇಕಾದರೆ ಹಳದಿಯ ಒಂದು ಪಾಲಿಗೆ ನೇರಳೆಯ ಮೂರು ಪಾಲು ಬೇಕು. ಕೆಂಪು ಮತ್ತು ಹಸಿರು ಸರಿಸಮ. ಕಿತ್ತಳೆ ಒಂದಕ್ಕೆ ನೀಲಿ ಎರಡು.

ಇದನ್ನು ಅಳತೆಪಟ್ಟಿ ಹಿಡಿದು ಪಾಲಿಸಬೇಕಾಗಿಲ್ಲ. ಈ ಸಂಖ್ಯೆಗಳು ಶುದ್ಧ, ಗಾಢ ಬಣ್ಣಗಳಿಗೆ ಅನ್ವಯಿಸುತ್ತವೆ. ಪದವಿನ ಹಸಿರಾಗಲಿ ಕಂದಾಗಲಿ ಶುದ್ಧ ಬಣ್ಣವಲ್ಲ. ಆದರೂ ಒಂದು ವಿಷಯ ಇದರಿಂದ ಸ್ಪಷ್ಟವಾಗುತ್ತದೆ. ನಾಲ್ಕೇ ನಾಲ್ಕು ತಜಂಕ್ ಹೂವು ಚೌಕಟ್ಟಿನ ಮೂಲೆಯಲ್ಲಿದ್ದರೂ ಕಣ್ಣು ಅಲ್ಲಿಗೇ ಓಡುವುದು ಏಕೆ, ನಾನೂರು ನೇರಳೆ ಹೂವು ಇದ್ದರೂ ಚಿತ್ರ ಮಂಕಾಗಿರುವುದು ಏಕೆ ಎಂಬುದು ತಿಳಿಯುತ್ತದೆ. ಹಳದಿಯನ್ನು ಚಿಟಿಕೆಯಷ್ಟೇ ಇಡಬೇಕು. ಎಲ್ಲಿ ನೋಟ ನಿಲ್ಲಬೇಕೋ ಅಲ್ಲೇ ಇಡಬೇಕು. ಅಂಚಿನಲ್ಲಿ ಅಕಸ್ಮಾತ್ ನುಸುಳಿದ ಒಂದು ಹಳದಿ ಹೂವು ಇಡೀ ಚಿತ್ರವನ್ನು ಆ ಕಡೆಗೆ ವಾಲಿಸುತ್ತದೆ. ಗುಂಡಿ ಒತ್ತುವ ಮೊದಲು ಚೌಕಟ್ಟಿನ ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸಿ, ಅಂಥದ್ದು ಕಂಡರೆ ಅರ್ಧ ಹೆಜ್ಜೆ ಸರಿದು ಹೊರಗಿಡಿ.

ಉಡುಪಿ ಸೀರೆಯನ್ನು ಉಟ್ಟವರಿಗೆ, ನೇಯ್ದವರಿಗೆ ಇದು ಹೊಸ ವಿಷಯವಲ್ಲ. ಸರಳ ಬಣ್ಣದ ಒಡಲು, ಅದಕ್ಕೆ ಎದುರು ಬಣ್ಣದ ಕಿರಿದಾದ ಅಂಚು. ಅಂಚನ್ನು ಒಡಲಿನಷ್ಟೇ ಅಗಲ ಮಾಡಿದರೆ ಎರಡೂ ಕೆಡುತ್ತವೆ. ಹೂವಿನ ಬಯಲಿನ ಚಿತ್ರಕ್ಕೂ ಒಂದು ಒಡಲಿನ ಬಣ್ಣ ಬೇಕು. ಯಾವುದು ಒಡಲು, ಯಾವುದು ಅಂಚು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ನೇರಳೆ, ಹಳದಿ, ಗುಲಾಬಿ, ಬಿಳಿ ಎಲ್ಲವನ್ನೂ ಒಂದೇ ಚಿತ್ರಕ್ಕೆ ತುರುಕುವ ಆಸೆ ಸಹಜ. ಆಸೆಗೆ ಮಣಿದರೆ ಯಾವ ಬಣ್ಣವೂ ಮನಸ್ಸಿಗೆ ಹತ್ತುವುದಿಲ್ಲ.

ಪಕ್ಕದ ಬಣ್ಣದಿಂದ ಬಣ್ಣವೇ ಬೇರೆಯಾಗಿ ಕಾಣುವುದೂ ಉಂಟು. ಪ್ಯಾರಿಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್‌ಗೆ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬರುತ್ತಿತ್ತು. ಪರೀಕ್ಷಿಸಿದರೆ ಕಪ್ಪು ಬಣ್ಣದಲ್ಲಿ ದೋಷ ಇರಲಿಲ್ಲ, ಪಕ್ಕದಲ್ಲಿದ್ದ ನೀಲಿ ನೂಲು ಅದನ್ನು ಮಂಕಾಗಿ ತೋರಿಸುತ್ತಿತ್ತು. ಈ ಪರಿಣಾಮವನ್ನು ಅವನು 1839ರಲ್ಲಿ ವಿವರವಾಗಿ ಪ್ರಕಟಿಸಿದ. ಅದೇ ನೇರಳೆ ಹೂವು ಕಲ್ಲು ಕೋರೆಯ ಕೆಂಪು ಗೋಡೆಯ ಮುಂದೆ ನೀಲಿಯತ್ತ ವಾಲಿದಂತೆ, ನೀಲಿ ಘಟ್ಟದ ಎದುರು ಗುಲಾಬಿಯತ್ತ ವಾಲಿದಂತೆ ಕಾಣುವುದು ಇದರಿಂದಲೇ. ಹೂವಿನ ಬಣ್ಣ ಬದಲಿಸಬೇಕೆನಿಸಿದಾಗ ಮೊದಲು ಅದರ ಹಿನ್ನೆಲೆಯನ್ನು ಬದಲಿಸಿ ನೋಡಬೇಕು.

ಕಪ್ಪು ಬಿಳುಪಿನಲ್ಲಿ ಒಮ್ಮೆ ನೋಡಿ

ನೇರಳೆಯ ಕಷ್ಟ ಪಾಲಿನಲ್ಲಿ ಮುಗಿಯುವುದಿಲ್ಲ. ಟಿವಿ, ಕಂಪ್ಯೂಟರ್ ಪರದೆಗಳಿಗೆ ಬಳಸುವ ಮಾನದಂಡದ ಪ್ರಕಾರ ಒಂದು ಬಣ್ಣದ ಒಟ್ಟು ಹೊಳಪಿನಲ್ಲಿ ಹಸಿರಿನ ಕೊಡುಗೆ ಸುಮಾರು 72 ಶೇಕಡಾ, ಕೆಂಪಿನದು 21, ನೀಲಿಯದು ಬರೀ 7. ಮನುಷ್ಯರ ಕಣ್ಣಿನ ಸ್ವಭಾವವನ್ನು ಅನುಸರಿಸಿ ಈ ಪ್ರಮಾಣವನ್ನು ಗೊತ್ತುಮಾಡಿದ್ದಾರೆ. ಅಂದರೆ ನೀಲಿ, ನೇರಳೆಗಳು ಎಷ್ಟೇ ಗಾಢವಾಗಿದ್ದರೂ ಹೊಳಪಿನ ಲೆಕ್ಕದಲ್ಲಿ ಬಡವು. ಮೊಬೈಲಿನಲ್ಲಿ ಚಿತ್ರವನ್ನು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ನೇರಳೆ ಹೂವು ಮತ್ತು ಅದರ ಸುತ್ತಲಿನ ಹುಲ್ಲು ಬಹಳ ಸಲ ಒಂದೇ ಬೂದು ಬಣ್ಣಕ್ಕೆ ಇಳಿದಿರುತ್ತವೆ. ಹತ್ತಿರದಿಂದ ನೋಡುವಾಗ ಬಣ್ಣದ ವ್ಯತ್ಯಾಸ ಅವನ್ನು ಬೇರ್ಪಡಿಸುತ್ತದೆ. ಚಿತ್ರ ಚಿಕ್ಕದಾದಾಗ, ಹೂವು ಚುಕ್ಕೆಯಾದಾಗ ಆ ವ್ಯತ್ಯಾಸವೂ ಸೋಲುತ್ತದೆ. ಹೂವು ಮಾಯವಾಗುವುದು ಇಲ್ಲಿ.

ಬಿಳಿ ಹೂಗೊಂಚಲುಗಳ ಎರಿಯೊಕಾಲಾನ್ ಗಿಡಕ್ಕೆ ಈ ಕಷ್ಟ ಇಲ್ಲ, ಹುಲ್ಲಿನಲ್ಲಿಯೂ ಅದು ಎದ್ದು ಕಾಣುತ್ತದೆ. ನೇರಳೆಗೆ ಮಾತ್ರ ಹೊಳಪಿನಲ್ಲಿ ತನಗಿಂತ ತೀರ ಬೇರೆಯಾದ ಹಿನ್ನೆಲೆ ಬೇಕು. ಪದವಿನ ವಿಶೇಷ ಏನೆಂದರೆ ಅಂಥ ಹಿನ್ನೆಲೆ ಅಲ್ಲೇ ಸಿದ್ಧವಾಗಿರುತ್ತದೆ. ಈ ನೇರಳೆ ಹೂವುಗಳಲ್ಲಿ ಹೆಚ್ಚಿನವು ಯುಟ್ರಿಕ್ಯುಲೇರಿಯಾ ಎಂಬ ಕೀಟಾಹಾರಿ ಸಸ್ಯದ ಜಾತಿಯವು. ಮುರಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಪೋಷಕಾಂಶ ಕಡಿಮೆ. ಆದುದರಿಂದ ಈ ಗಿಡ ನೆನೆದ ಮಣ್ಣಿನೊಳಗೆ ತೀರ ಸಣ್ಣ ಚೀಲಗಳನ್ನು ಬೆಳೆಸಿ, ಅವುಗಳ ಬಾಯಿಗೆ ಬಂದ ಸೂಕ್ಷ್ಮಜೀವಿಗಳನ್ನು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಆ ಚೀಲಗಳು ಕೆಲಸ ಮಾಡಲು ನೀರು ಬೇಕೇ ಬೇಕು. ಹಾಗಾಗಿ ನೇರಳೆ ಹೂವು ಇದ್ದಲ್ಲಿ ನಿಂತ ನೀರೋ ಒಸರುವ ನೀರೋ ಆಸುಪಾಸಿನಲ್ಲಿ ಇದ್ದೇ ಇರುತ್ತದೆ. ಮೋಡದ ಆಕಾಶವನ್ನು ಪ್ರತಿಬಿಂಬಿಸುವ ನೀರಿನ ಮುಂದೆ ನೇರಳೆ ಹೂವು ಬೆಳಕಿನ ಮೇಲಿನ ಗಾಢ ಆಕಾರವಾಗಿ ನಿಲ್ಲುತ್ತದೆ. ಒದ್ದೆಯಾಗಿ ಕಪ್ಪಿಟ್ಟ ಕಲ್ಲಿನ ಮುಂದೆ ಅದೇ ಹೂವು ಕತ್ತಲಿನ ಮೇಲಿನ ಬೆಳಕಾಗುತ್ತದೆ. ಎರಡೂ ಚೆನ್ನ. ಹುಲ್ಲಿನ ಮುಂದೆ ಮಾತ್ರ ಬೇಡ.

ಪೋಲರೈಸರ್ ಫಿಲ್ಟರ್ ಇದ್ದವರಿಗೆ ಈ ಎರಡರ ನಡುವಿನ ಆಯ್ಕೆ ಬೆರಳ ತುದಿಯಲ್ಲಿದೆ. ನೀರಿನಿಂದ ಪ್ರತಿಫಲಿಸುವ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಇದು ಅತಿ ಹೆಚ್ಚು. ಫಿಲ್ಟರನ್ನು ತಿರುಗಿಸುತ್ತ ಹೋದಂತೆ ನೀರಿನ ಮೇಲಿನ ಆಕಾಶ ಅಳಿಸಿಹೋಗಿ ತಳದ ಕಲ್ಲು ಕಾಣುತ್ತದೆ, ಎಲೆಗಳ ಮೇಲಿನ ಬೆಳ್ಳನೆಯ ಮಿನುಗು ಹೋಗಿ ಒಳಗಿನ ಹಸಿರು ಹೊರಬರುತ್ತದೆ. ಮಳೆಗಾಲಕ್ಕೆ ಪೋಲರೈಸರ್ ಹಾಕಿಯೇ ಇರಬೇಕು ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆಳಗುವ ನೀರಿನ ಮುಂದೆ ನಿಂತ ಹೂವನ್ನು ತೆಗೆಯುತ್ತಿರುವಾಗ ಆ ಬೆಳಕನ್ನೇ ಅಳಿಸಿದರೆ ಚಿತ್ರಕ್ಕೆ ಆಧಾರವೇ ಉಳಿಯುವುದಿಲ್ಲ. ಕಪ್ಪು ಕಲ್ಲನ್ನು ಹಿನ್ನೆಲೆಯಾಗಿ ಆರಿಸಿಕೊಂಡಾಗ ಮಾತ್ರ ಅದು ಬೇಕು, ಇಲ್ಲದಿದ್ದರೆ ಕಲ್ಲಿನ ಮೇಲಿನ ಬಿಳಿ ಹೊಳಪು ಹೂವಿನ ಜೊತೆ ಪೈಪೋಟಿಗಿಳಿಯುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ತೀರ ಹತ್ತಿರ ಇಳಿಸಿದಾಗ ನೋಡುವ ಕೋನ 37 ಡಿಗ್ರಿಗಿಂತ ಬಹಳ ಕಡಿಮೆಯಾಗುತ್ತದೆ, ಆಗ ಫಿಲ್ಟರಿನ ಪರಿಣಾಮವೂ ಕುಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು. ಜೊತೆಗೆ ಅದು ಒಳಬರುವ ಬೆಳಕನ್ನು ಮೂರನೇ ಎರಡು ಭಾಗದಷ್ಟು ನುಂಗಿಬಿಡುತ್ತದೆ. ಗಾಳಿಗೆ ಅಲುಗುವ ಹೂವಿಗೆ ಅದು ಸಣ್ಣ ಬೆಲೆಯಲ್ಲ.

ಇನ್ನೊಂದು ಸೂಕ್ಷ್ಮ. ಕೆಂಪು, ಕಿತ್ತಳೆ ಬಣ್ಣಗಳು ಮುಂದೆ ಬಂದಂತೆ, ನೀಲಿ, ನೇರಳೆಗಳು ಹಿಂದೆ ಸರಿದಂತೆ ಕಾಣುತ್ತವೆ. ಹಿಂದೆ ಕೆಂಪು ಮಣ್ಣಿನ ದಾರಿ, ಮುಂದೆ ನೇರಳೆ ಹೂವು ಇದ್ದರೆ ದಾರಿ ಮುಂದಕ್ಕೆ ಉಬ್ಬಿ ಹೂವು ಹಿಂದೆ ಕುಸಿದಂತಾಗುತ್ತದೆ. ಚಿತ್ರ ಚಪ್ಪಟೆ ಎನಿಸಲು ಇದೂ ಒಂದು ಕಾರಣ. ಹೂವನ್ನು ಗಾತ್ರದಲ್ಲಿ ಸಾಕಷ್ಟು ದೊಡ್ಡದಾಗಿಸಿ, ದಾರಿಯ ಸ್ವಲ್ಪವೇ ಭಾಗ ಕಾಣುವಂತೆ ಮಾಡಿದರೆ ಆಳ ಮರಳುತ್ತದೆ.

ಕೆಂಪು ಹೂವಿನ ಸಮಸ್ಯೆ ಬೇರೆ

ಕೇಪುಳ ಹೂವಿನ ಒಂದು ಗೊಂಚಲನ್ನು ಹತ್ತಿರದಿಂದ ತೆಗೆದು ದೊಡ್ಡದು ಮಾಡಿ ನೋಡಿ. ಕಣ್ಣಿಗೆ ಒಂದೊಂದು ಎಸಳೂ ಬೇರೆ ಬೇರೆಯಾಗಿ, ನಡುವೆ ನೆರಳು, ತುದಿಯಲ್ಲಿ ಚೂಪು ಮೊಗ್ಗು ಕಾಣುತ್ತವೆ. ಚಿತ್ರದಲ್ಲಿ ಅದೆಲ್ಲ ಕರಗಿ ಕೆಂಪು ಬಣ್ಣದ ಒಂದೇ ಮುದ್ದೆ. ಪ್ರತಿ ಬಿಂದುವಿನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಸೊನ್ನೆಯಿಂದ 255ರವರೆಗೆ ಅಳತೆ ಇರುತ್ತದೆ. ಕೇಪುಳದ ಮೇಲೆ ಬೆಳಕು ಬಿದ್ದಾಗ ಕೆಂಪಿನ ಅಳತೆ 255ಕ್ಕೆ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಎಸಳಿನ ಉಬ್ಬಿಗೂ ತಗ್ಗಿಗೂ ಒಂದೇ ಸಂಖ್ಯೆ, ಹಾಗಾಗಿ ವ್ಯತ್ಯಾಸ ಅಳಿಸಿಹೋಗುತ್ತದೆ. ಒಟ್ಟು ಹೊಳಪಿನಲ್ಲಿ ಕೆಂಪಿನ ಕೊಡುಗೆ ಐದನೇ ಒಂದು ಪಾಲು ಮಾತ್ರ ಇರುವುದರಿಂದ ಕ್ಯಾಮೆರಾ ತೋರಿಸುವ, ಹೊಳಪಿನ ಹಂಚಿಕೆಯ ನಕ್ಷೆಯಾದ ಸಾಮಾನ್ಯ ಹಿಸ್ಟೋಗ್ರಾಮ್‌ನಲ್ಲಿ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಮೂರೂ ಬಣ್ಣಗಳನ್ನು ಪ್ರತ್ಯೇಕವಾಗಿ ತೋರಿಸುವ ಹಿಸ್ಟೋಗ್ರಾಮ್ ನೋಡಿದರೆ ಮಾತ್ರ ಕೆಂಪು ಗೆರೆ ಬಲಗೋಡೆಗೆ ಬಡಿದಿರುವುದು ತಿಳಿಯುತ್ತದೆ.

ಪರಿಹಾರ ಸರಳ. ಕೆಂಪು ಹೂವಿಗೆ ಎಕ್ಸ್‌ಪೋಷರ್ ಅನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದು ಹಂತದವರೆಗೆ ಇಳಿಸಿ. ಮೊಬೈಲಿನಲ್ಲಾದರೆ ಹೂವಿನ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆಳೆಯಿರಿ. ಸುತ್ತಲಿನ ಹಸಿರು ಸ್ವಲ್ಪ ಕತ್ತಲಾದರೂ ಅದನ್ನು ಆಮೇಲೆ ಎತ್ತಬಹುದು, ಕರಗಿಹೋದ ಎಸಳನ್ನು ಮರಳಿ ತರಲಾಗುವುದಿಲ್ಲ. ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ, ತೆಗೆದರೆ ಸ್ವಲ್ಪ ಹೆಚ್ಚು ಅವಕಾಶ ಇರುತ್ತದೆ. ಅಗ್ನಿಶಿಖೆ ಹೂವಿನಲ್ಲಿ ಇದನ್ನು ಬಹಳ ಚೆನ್ನಾಗಿ ಪರೀಕ್ಷಿಸಬಹುದು. ಅದರ ಎಸಳಿನ ಬುಡ ಹಳದಿ, ತುದಿ ಕೆಂಪು, ದಿನ ಕಳೆದಂತೆ ಕೆಂಪು ಬುಡದ ಕಡೆಗೂ ಹಬ್ಬುತ್ತದೆ. ಎಕ್ಸ್‌ಪೋಷರ್ ಹೆಚ್ಚಾದರೆ ಮೊದಲು ಸಾಯುವುದು ಹಳದಿ ಕೆಂಪಾಗುವ ಆ ನಡುವಿನ ಭಾಗ, ಆ ಹೂವಿನ ಜೀವ ಇರುವುದೇ ಅಲ್ಲಿ.

ಬಿಳಿ ಯಾವುದು ಎಂದು ಕ್ಯಾಮೆರಾಕ್ಕೆ ತಿಳಿಯದು

ನಡು ಹಗಲಿನ ಬಿಸಿಲಿನ ಬಣ್ಣದ ಉಷ್ಣತೆ ಸುಮಾರು 5500 ಕೆಲ್ವಿನ್, ಮೋಡ ಕವಿದಾಗ ಸುಮಾರು 6500, ದಟ್ಟ ನೆರಳಿನಲ್ಲಿ ಇನ್ನೂ ಹೆಚ್ಚು. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ. ನಮ್ಮ ಕಣ್ಣು ಇದಕ್ಕೆ ತಾನಾಗಿ ಹೊಂದಿಕೊಳ್ಳುವುದರಿಂದ ಬಿಳಿ ಹೂವು ಎಲ್ಲೆಡೆ ಬಿಳಿಯಾಗಿಯೇ ಕಾಣುತ್ತದೆ. ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಚೌಕಟ್ಟಿನಲ್ಲಿರುವ ಬಣ್ಣಗಳನ್ನೇ ಆಧರಿಸಿ ಬೆಳಕಿನ ಬಣ್ಣವನ್ನು ಊಹಿಸುತ್ತದೆ. ಚೌಕಟ್ಟು ತುಂಬ ಹಸಿರೇ ಇದ್ದರೆ ಬೆಳಕೇ ಹಸಿರಾಗಿದೆ ಎಂದು ಬಗೆದು ಅದನ್ನು ಕೆನ್ನೇರಳೆಯ ಕಡೆಗೆ ತಳ್ಳಬಹುದು. ಕೋರೆಯ ಕೆಂಪು ಗೋಡೆ ತುಂಬಿದ್ದರೆ ನೀಲಿಯ ಕಡೆಗೆ. ಒಂದೇ ಜಾಗದಲ್ಲಿ ನಿಂತು ಎಡಕ್ಕೊಂದು ಬಲಕ್ಕೊಂದು ಚಿತ್ರ ತೆಗೆದರೆ ಹೂವಿನ ಬಣ್ಣ ಎರಡು ಬಗೆ.

ಮೋಡದ ದಿನ ವೈಟ್ ಬ್ಯಾಲೆನ್ಸನ್ನು ಮೋಡದ ಗುರುತಿಗೆ ನಿಲ್ಲಿಸಿ ಹಾಗೇ ಬಿಡುವುದು ಸುಲಭ ಉಪಾಯ. ಹೆಚ್ಚು ನಿಖರತೆ ಬೇಕಾದವರು ಬೂದು ಬಣ್ಣದ ಕಾರ್ಡನ್ನು ಹೂವಿನ ಪಕ್ಕ ಹಿಡಿದು ಒಂದು ಚಿತ್ರ ತೆಗೆದುಕೊಳ್ಳಲಿ. ಕಾರ್ಡಿನ ಬದಲು ಬಿಳಿ ಕಾಗದ, ಬಿಳಿ ಪಂಚೆ ಸಾಕು ಎಂದುಕೊಳ್ಳಬಾರದು. ಕಾಗದಕ್ಕೆ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ, ಪಂಚೆಯನ್ನು ನೀಲಿ ಹಾಕಿ ಒಗೆದಿರುತ್ತಾರೆ. ಎರಡೂ ನಿಜವಾದ ಬಿಳಿಗಿಂತ ನೀಲಿ, ಅವನ್ನು ನಂಬಿದರೆ ಚಿತ್ರ ಹಳದಿಗೆ ತಿರುಗುತ್ತದೆ.

ಇಷ್ಟು ಮಾಡಿದರೂ ಕೆಲವು ನೇರಳೆ, ನೀಲಿ ಹೂವುಗಳು ಕಂಡಂತೆ ಬರುವುದಿಲ್ಲ. ಕೆಲವು ಎಸಳುಗಳು ಕಣ್ಣಿಗೆ ಕಾಣುವ ಕೆಂಪಿನ ಕೊನೆಯಲ್ಲಿ ಮತ್ತು ಅದರಾಚೆ ಬಹಳಷ್ಟು ಬೆಳಕನ್ನು ಪ್ರತಿಫಲಿಸುತ್ತವೆ. ಕಣ್ಣು ಅದನ್ನು ಗಮನಿಸುವುದು ತೀರ ಕಡಿಮೆ, ಹಳೆಯ ಫಿಲಂ ಗಮನಿಸುತ್ತಿತ್ತು, ಈಗಿನ ಸಂವೇದಕಗಳೂ ಕಣ್ಣಿನಂತೆಯೇ ಅಳೆಯುವುದಿಲ್ಲ. ಪರದೆಗಳ ಸಾಮಾನ್ಯ ಮಾನದಂಡವಾದ ಎಸ್‌ಆರ್‌ಜಿಬಿ ವ್ಯಾಪ್ತಿಗೂ ಕೆಲವು ಗಾಢ ನೇರಳೆಗಳು ಒಗ್ಗುವುದಿಲ್ಲ. ಅಂಥ ಹೂವಿಗೆ ಎಡಿಟಿಂಗ್‌ನಲ್ಲಿ ಆ ಒಂದು ಬಣ್ಣವನ್ನಷ್ಟೇ ಆರಿಸಿ ತುಸು ಸರಿಸುವುದು ತಪ್ಪಲ್ಲ.

ಯಾವ ಹೊತ್ತು, ಯಾವ ದಿಕ್ಕು

ಸೂರ್ಯಾಸ್ತದ ಚಿನ್ನದ ಬೆಳಕೇ ಎಲ್ಲಕ್ಕೂ ಶ್ರೇಷ್ಠ ಎಂಬ ನಂಬಿಕೆ ನಮ್ಮ ಕರಾವಳಿಯಲ್ಲಿ ಬಲವಾಗಿದೆ, ಕಡಲಿನ ಸೂರ್ಯಾಸ್ತ ಅಷ್ಟು ಚೆಂದ. ನೇರಳೆ ಹೂವಿಗೆ ಅದು ಒಳ್ಳೆಯ ಬೆಳಕಲ್ಲ. ಸಂಜೆಯ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಬೆಳಕಿನಲ್ಲೇ ಇಲ್ಲದ ನೀಲಿಯನ್ನು ಹೂವು ಪ್ರತಿಫಲಿಸುವುದು ಹೇಗೆ? ಅದು ಕಂದಾಗಿ, ಬಾಡಿದಂತೆ ಕಾಣುತ್ತದೆ. ತಜಂಕ್, ಕೇಪುಳ, ಒಣಗಿದ ಹುಲ್ಲಿಗೆ ಸಂಜೆ ಚೆನ್ನ. ನೇರಳೆಗೆ ಮೋಡ ಕವಿದ ಹಗಲೇ ಸರಿ. ಸೂರ್ಯ ಮುಳುಗಿದ ಮೇಲಿನ ಮಬ್ಬಿನಲ್ಲಿ ನೇರಳೆ ಹೂವು ಬೆಳಗುವಂತೆ, ಕೇಪುಳ ಕಪ್ಪಾದಂತೆ ಕಾಣುವುದು ನಿಜ. ಅದು ಮಂದ ಬೆಳಕಿನಲ್ಲಿ ಕಣ್ಣಿನ ಸಂವೇದನೆ ನೀಲಿಯತ್ತ ಸರಿಯುವುದರ ಫಲ. 19ನೇ ಶತಮಾನದ ಆರಂಭದಲ್ಲಿ ಜೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗುರುತಿಸಿದ. ಕ್ಯಾಮೆರಾಕ್ಕೆ ಆ ಗುಣ ಇಲ್ಲ, ಹಾಗಾಗಿ ಮುಸ್ಸಂಜೆಯ ಆ ಹೊಳಪು ಚಿತ್ರಕ್ಕೆ ಬರುವುದಿಲ್ಲ.

ಮೋಡ ಇಲ್ಲದ ನಡು ಹಗಲು ಮಾತ್ರ ಬೇಡ. ಆಗಸ್ಟ್ ಮೂರನೇ ವಾರದಲ್ಲಿ ಉಡುಪಿ, ಮಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಹೂವಿನ ಕಾಲವೂ ಅದೇ. ಎಸಳಿನ ಮೇಲ್ಭಾಗ ಬೆಂದಂತೆ ಬಿಳಿಚಿ, ನೆರಳು ಗಿಡದ ಅಡಿಯಲ್ಲೇ ಗುಪ್ಪೆಯಾಗಿ, ಹೂವಿನ ಆಕಾರವನ್ನು ತಿದ್ದಿ ತೋರಿಸುವ ಬೆಳಕು ಯಾವ ಬದಿಯಿಂದಲೂ ಇರುವುದಿಲ್ಲ.

ಕಡಲ ದಂಡೆಯ ಲೆಕ್ಕ ಬೇರೆ. ಪಡುಕೆರೆ, ಕಾಪು, ಸಸಿಹಿತ್ಲುವಿನಂಥ ದಂಡೆಗಳ ಮರಳಿನ ಮೇಲೆ ತುದಿ ಸೀಳಿದ ದಪ್ಪ ಎಲೆಯ ಬಳ್ಳಿಯೊಂದು ಹಬ್ಬುತ್ತದೆ, ಗುಲಾಬಿ ಮಿಶ್ರಿತ ನೇರಳೆಯ ಅಗಲ ಹೂವು ಬಿಡುತ್ತದೆ. ಅದರ ಉದ್ದನೆಯ ಬಳ್ಳಿಗಳು ನೀರಿನ ಕಡೆಗೆ ಸಾಗುವುದರಿಂದ ನೋಟವನ್ನು ಕಡಲಿನತ್ತ ಕೊಂಡೊಯ್ಯುವ ಗೆರೆ ತಾನಾಗಿ ಸಿಗುತ್ತದೆ. ಹೂವು ಅರಳುವುದು ಬೆಳಗ್ಗೆ, ಬಿಸಿಲೇರಿದಂತೆ ಮುದುಡುತ್ತದೆ. ಬೆಳಗ್ಗೆ ಸೂರ್ಯ ನಮ್ಮ ಬೆನ್ನ ಹಿಂದೆ, ಪೂರ್ವದ ತೆಂಗಿನ ತೋಟಗಳ ಮೇಲಿರುತ್ತಾನೆ. ಬಣ್ಣ ಗಾಢವಾಗಿ ಬರುತ್ತದೆ, ಜೊತೆಗೆ ನಮ್ಮದೇ ಉದ್ದನೆಯ ನೆರಳು ಚೌಕಟ್ಟಿನೊಳಗೆ ಬೀಳುತ್ತದೆ. ಕುಳಿತರೆ ನೆರಳು ಗಿಡ್ಡವಾಗುತ್ತದೆ, ಒಂದು ಪಕ್ಕಕ್ಕೆ ಸರಿದು ಬಳ್ಳಿಯನ್ನು ಓರೆಯಾಗಿ ಹಿಡಿದರೆ ಹೊರಗೇ ಉಳಿಯುತ್ತದೆ. ಮರಳು ಹೊಳೆಯುವುದರಿಂದ ಕ್ಯಾಮೆರಾ ಅದನ್ನು ಬೂದು ಮಾಡಲು ನೋಡುತ್ತದೆ. ಇಲ್ಲಿ ಕೇಪುಳಕ್ಕೆ ಮಾಡಿದ್ದರ ಉಲ್ಟಾ ಮಾಡಿ ಎಕ್ಸ್‌ಪೋಷರ್ ಸ್ವಲ್ಪ ಏರಿಸಬೇಕು.

ಸ್ಪಷ್ಟತೆಯ ವಿಷಯ ಚಿಕ್ಕದು. ಪೂರ್ಣ ಗಾತ್ರದ ಸಂವೇದಕದ ಕ್ಯಾಮೆರಾದಲ್ಲಿ 20 ಮಿಲಿಮೀಟರ್ ಲೆನ್ಸಿನ ರಂಧ್ರವನ್ನು ಎಫ್/11ಕ್ಕೆ ಕಿರಿದಾಗಿಸಿ ಸುಮಾರು 1.2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 60 ಸೆಂಟಿಮೀಟರಿನಿಂದ ದಿಗಂತದವರೆಗೆ ಸ್ಪಷ್ಟವಾಗಿರುತ್ತದೆ. ಹೂವು ಅದಕ್ಕಿಂತ ಹತ್ತಿರ ಇದ್ದರೆ ಹೂವಿಗೇ ಫೋಕಸ್ ಮಾಡಿ, ದೂರದ ಘಟ್ಟ ಸ್ವಲ್ಪ ಮಸುಕಾದರೆ ನಷ್ಟವಿಲ್ಲ. ಗಾಳಿ ಬೀಸುವ ಪದವಿನಲ್ಲಿ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನದ ಶಟರ್ ಬೇಡ.

ಕೊನೆಗೆ ಎಡಿಟಿಂಗ್. ಹೂವು ಎದ್ದು ಕಾಣಲೆಂದು ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಏರಿಸುವುದು ಸಾಮಾನ್ಯ. ಆಗ ಮೊದಲು ಏರುವುದು ಮಳೆಗಾಲದ ಹಸಿರು, ಏಕೆಂದರೆ ಚಿತ್ರದಲ್ಲಿ ಅದೇ ಹೆಚ್ಚು. ಮೊಬೈಲುಗಳು ಹಸಿರನ್ನು ಮೊದಲೇ ಏರಿಸಿಯೂ ಇರುತ್ತವೆ. ಹೂವನ್ನು ಮುಟ್ಟದೆ ಹಸಿರಿನ ಗಾಢತೆಯನ್ನು ಹತ್ತು ಹದಿನೈದು ಅಂಶ ಇಳಿಸಿ ನೋಡಿ, ಹುಲ್ಲಿನ ಹಳದಿ ಛಾಯೆಯನ್ನು ತುಸು ತಗ್ಗಿಸಿ. ನೇರಳೆ ತಾನಾಗಿ ಮೇಲೇಳುತ್ತದೆ. ಆಮೇಲೆ ಚಿತ್ರವನ್ನು ಹೆಬ್ಬೆರಳಿನ ಗಾತ್ರಕ್ಕೆ ಕಿರಿದಾಗಿಸಿ ನೋಡಬೇಕು. ಅಷ್ಟು ಚಿಕ್ಕದರಲ್ಲಿಯೂ ಹೂವಿನ ಪಟ್ಟಿ ಬೇರೆಯಾಗಿ ಕಂಡರೆ ಪಾಲು, ಹೊಳಪು ಎರಡೂ ಸರಿ ಇವೆ ಎಂದರ್ಥ. ಸ್ಟುಡಿಯೋದಲ್ಲಿ ಮುದ್ರಿಸುವುದಿದ್ದರೆ ಮೊಬೈಲಿನ ಪರದೆಯ ಹೊಳಪನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಪರೀಕ್ಷಿಸಿ. ಕಾಗದ ತಾನಾಗಿ ಬೆಳಗುವುದಿಲ್ಲ, ಪೂರ್ಣ ಹೊಳಪಿನ ಪರದೆಯಲ್ಲಿ ಸರಿ ಕಂಡ ನೇರಳೆ ಮುದ್ರಣದಲ್ಲಿ ಬಹಳ ಸಲ ಕಪ್ಪಿಗೆ ತಿರುಗುತ್ತದೆ. ಹಾಗೆ ತೋರಿದರೆ ನೇರಳೆಯ ಹೊಳಪನ್ನು ಮಾತ್ರ ಸ್ವಲ್ಪ ಏರಿಸಿ ಕೊಟ್ಟರೆ ಸಾಕು.